ಎರಡನೇ ಓದಿಗೆ ದುಡ್ಡು ಕೊಟ್ಟವರು

ವಿಶ್ವೇಶ್ವರಯ್ಯನವರು ಬೀದಿದೀಪದ ಕೆಳಗೆ ಓದಿದರೆಂಬ ಕಥೆ ಮಕ್ಕಳ ಪುಸ್ತಕಗಳಲ್ಲೆಲ್ಲ ಬರುತ್ತದೆ. ಆ ಓದಿನ ಜಮಾಖರ್ಚನ್ನು ಹೇಳುವ ಪುಸ್ತಕ ಕಡಿಮೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಅವರು ಕೊಡಗಿನ ಅಧಿಕಾರಿಯೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿ ಊಟ-ವಸತಿ ಸಂಪಾದಿಸಿದರು. 1881ರಲ್ಲಿ ಬಿ.ಎ. ಆಯಿತು. ಆ ಕಾಲಕ್ಕೆ ಬಿ.ಎ. ಎಂದರೆ ಸಣ್ಣದಲ್ಲ, ಮೇಷ್ಟರಾಗಬಹುದಿತ್ತು, ಕಚೇರಿ ಸೇರಿ ಅಮಲ್ದಾರಿಯವರೆಗೂ ಹೋಗಬಹುದಿತ್ತು. ಅವರು ಅದನ್ನು ಬಿಟ್ಟು ಪುಣೆಯ ವಿಜ್ಞಾನ ಕಾಲೇಜಿಗೆ ಎಂಜಿನಿಯರಿಂಗ್ ಓದಲು ಹೋದರು. ಈ ಎರಡನೇ ಓದಿನ ಖರ್ಚು ಹೊತ್ತದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. 1883ರ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂತು. ಆದರೆ ಮರುವರ್ಷ ಅವರು ಸೇರಿದ್ದು ಮೈಸೂರಿನ ಲೋಕೋಪಯೋಗಿ ಇಲಾಖೆಯನ್ನಲ್ಲ, ಮುಂಬಯಿ ಸರ್ಕಾರದ್ದನ್ನು. ದುಡ್ಡು ಹಾಕಿದ ಸಂಸ್ಥಾನಕ್ಕೆ ಅವರ ಕೆಲಸ ದಕ್ಕಿದ್ದು 1909ರಲ್ಲಿ, ಮುಖ್ಯ ಎಂಜಿನಿಯರಾಗಿ ಬಂದಾಗ. ಯಾವ ಬ್ಯಾಂಕಿನ ಲೆಕ್ಕದಲ್ಲೂ ಇದು ವಸೂಲಾಗದ ಸಾಲವೇ. ಕೃಷ್ಣರಾಜಸಾಗರ, ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯ ಬಂದದ್ದು ಅದಾದ ಮೇಲೆ.

ಒಂದು ಓದು ಮುಗಿಸಿದವರು ದಾರಿ ಬದಲಿಸಿ ಮತ್ತೊಂದನ್ನು ಓದುವುದು ಈಗಿನ ಸಾಫ್ಟ್‌ವೇರ್ ಕಾಲದ ಚಪಲ ಎಂಬ ಭಾವನೆ ನಮ್ಮಲ್ಲಿದೆ. ನೂರೈವತ್ತು ವರ್ಷಗಳ ಇತಿಹಾಸ ನೋಡಿದರೆ ಅದು ನಿಲ್ಲುವುದಿಲ್ಲ. ಬದಲಾದದ್ದು ಓದುವವರ ಮನಸ್ಸಲ್ಲ, ದುಡ್ಡು ಕೊಡುವವರ ಷರತ್ತು. ಸಂಸ್ಥಾನ, ಮಠ, ಜಾತಿ ಸಂಘ, ದತ್ತಿ, ಸರ್ಕಾರ, ಬ್ಯಾಂಕು ಎಲ್ಲವೂ ವಿದ್ಯೆಗೆ ಹಣ ಕೊಟ್ಟಿವೆ, ಒಂದಲ್ಲ ಒಂದು ಕಟ್ಟುಪಾಡು ಹಾಕಿಯೇ ಕೊಟ್ಟಿವೆ. ಆ ಕಟ್ಟುಪಾಡುಗಳು ಬಿಡಿಬಿಡಿಯಾಗಿದ್ದಾಗ, ಕೊಡುವವರ ವಿವೇಚನೆಗೆ ಬಿಟ್ಟದ್ದಾಗಿದ್ದಾಗ, ಎರಡನೇ ಓದಿಗೆ ಸಂದು ಸಿಗುತ್ತಿತ್ತು. ಅವು ಎಲ್ಲರಿಗೂ ಒಂದೇ ಎನ್ನುವ ನಿಯಮಾವಳಿಯಾದಾಗ, ಮನುಷ್ಯ ಜೀವಮಾನದಲ್ಲಿ ಒಂದೇ ಸಲ ಓದುತ್ತಾನೆ ಎಂಬ ಊಹೆ ಅದರೊಳಗೆ ಸದ್ದಿಲ್ಲದೆ ಸೇರಿಕೊಂಡಿತು. ನನ್ನ ವಾದ ಇಷ್ಟೆ: ಆ ಊಹೆ ನ್ಯಾಯದ ಹೆಸರಿನಲ್ಲಿ ಬಂತು, ಅದಕ್ಕೆ ತಕ್ಕ ಕಾರಣವೂ ಇತ್ತು; ಆದರೆ ಅದು ಉಳಿದುಕೊಂಡದ್ದು ಕಾರಣ ಇರುವುದರಿಂದಲ್ಲ, ಯಾರೂ ಅದನ್ನು ಕೇಳದೇ ಇದ್ದುದರಿಂದ.

ಮೊದಲ ಓದಿಗೆ ನಮ್ಮ ಸಮಾಜ ಕಂಡುಕೊಂಡ ಉಪಾಯಗಳು ಕಡಿಮೆಯಲ್ಲ. ವಾರಾನ್ನ ಅವುಗಳಲ್ಲಿ ಹಳೆಯದು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹಳ್ಳಿಯಿಂದ ಪಟ್ಟಣಕ್ಕೆ ಬಂದ ಹುಡುಗನ ಹೊಟ್ಟೆಯ ಖರ್ಚನ್ನು ಏಳು ಮನೆಗಳು ಹಂಚಿಕೊಳ್ಳುತ್ತಿದ್ದವು. ನಗದು ಕೈಬದಲಾಗದೆ ವಿದ್ಯೆಗೆ ಬಂಡವಾಳ ಒದಗಿಸಿದ ಈ ವ್ಯವಸ್ಥೆಯನ್ನು ಹಾಡಿಹೊಗಳುವಾಗ ಒಂದನ್ನು ಮರೆಯುತ್ತೇವೆ. ಅದು ಹೆಚ್ಚಾಗಿ ಬ್ರಾಹ್ಮಣ ಹುಡುಗರಿಗೆ ಬ್ರಾಹ್ಮಣರ ಮನೆಯಲ್ಲಿ ಸಿಗುತ್ತಿದ್ದ ಊಟ. ಉಳಿದವರು ತಮ್ಮ ದಾರಿ ತಾವೇ ಮಾಡಿಕೊಳ್ಳಬೇಕಾಯಿತು. 1905ರಲ್ಲಿ ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ. ಅದೇ ವರ್ಷ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಸಮುದಾಯದ ಮಕ್ಕಳ ಓದಿಗೆ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿತು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ ಉಚಿತ ಪ್ರಸಾದನಿಲಯಗಳನ್ನು ನಡೆಸಿದವು. 1918ರಲ್ಲಿ ಮೈಸೂರು ಸರ್ಕಾರ ನೇಮಿಸಿದ ಮಿಲ್ಲರ್ ಸಮಿತಿ ಹಿಂದುಳಿದ ವರ್ಗಗಳಿಗೆ ನೌಕರಿಯ ಪಾಲನ್ನಷ್ಟೇ ಅಲ್ಲ, ವಿದ್ಯಾರ್ಥಿವೇತನವನ್ನೂ ಶಿಫಾರಸು ಮಾಡಿತು. ಇವೆಲ್ಲದರ ಹಿಂದೆ ಇದ್ದದ್ದು ಒಂದೇ ಗುರಿ: ಅಪ್ಪನ ಕಸುಬಿನಿಂದ ಮಗನನ್ನು ಹೊರಗೆ ತರುವುದು. ಹೊಲದಿಂದ ಕಚೇರಿಗೆ, ಮಗ್ಗದಿಂದ ಶಾಲೆಗೆ. ಕುಲಕಸುಬಿನಿಂದ ಒಮ್ಮೆ ಬಿಡಿಸಿದರೆ ಸಾಕು, ಮುಂದಿನದು ಅವನ ಪಾಡು ಎಂದು ಕೊಟ್ಟವರು ತಿಳಿದಿದ್ದರು. ಮನೆಯಲ್ಲಿ ಮೊದಲ ಸಲ ಮೆಟ್ರಿಕ್ ಮುಟ್ಟುತ್ತಿದ್ದ ತಲೆಮಾರಿನ ಕಾಲದಲ್ಲಿ ಅದು ತಪ್ಪೂ ಅಲ್ಲ.

ದುಡಿಯುತ್ತಿರುವವನು ಮತ್ತೆ ಓದಬೇಕೆಂದರೆ ಆಗ ಎದುರಿಗಿದ್ದ ಮುಖ್ಯ ದಾರಿ ಕಾನೂನು. ಮೊದಲು ಬಿ.ಎ., ಆಮೇಲೆ ಬಿ.ಎಲ್. ಎಂಬುದು ಮದರಾಸು ವಿಶ್ವವಿದ್ಯಾನಿಲಯದ ಕ್ರಮ. ಹೀಗಾಗಿ ವಕೀಲಿ ಎಂಬುದೇ ಎರಡನೇ ಪದವಿಯ ವೃತ್ತಿ. ಆದರೆ ಹಳೇ ಮೈಸೂರಿನಲ್ಲಿ ಲಾ ಕಾಲೇಜು ಬಂದದ್ದು 1948ರಲ್ಲಿ, ಬೆಳಗಾವಿಯಲ್ಲಿ 1939ರಲ್ಲಿ. ಅದಕ್ಕೆ ಮುಂಚೆ ಮದರಾಸಿಗೋ ಮುಂಬಯಿಗೋ ಪುಣೆಗೋ ಹೋಗಿ ಕೂರಬೇಕು. ಕಾಲೇಜಿನ ಫೀಸು ಹೇಗೋ ಹೊಂದೀತು. ಸಂಬಳ ನಿಂತ ಎರಡು ವರ್ಷ ಊರಲ್ಲಿದ್ದ ಹೆಂಡತಿ-ಮಕ್ಕಳ ಕೈಗೆ ಏನು ಕೊಡುವುದು? ಎರಡನೇ ಓದಿನ ನಿಜವಾದ ಬೆಲೆ ಇದು, ಬಿಟ್ಟುಹೋದ ಸಂಬಳ. ಹದಿನೆಂಟರ ಹುಡುಗನಿಗೆ ಈ ಖರ್ಚು ಇರುವುದಿಲ್ಲ, ಆದ್ದರಿಂದ ಯಾವ ವಿದ್ಯಾರ್ಥಿವೇತನದ ಪಟ್ಟಿಯಲ್ಲೂ ಅದಕ್ಕೊಂದು ಕಲಂ ಇಲ್ಲ. ಮುಂದೆ ಬೆಂಗಳೂರಿನಲ್ಲಿ ಸಂಜೆ ಕಾಲೇಜುಗಳು ಹುಟ್ಟಿಕೊಂಡದ್ದು ಈ ಬೆಲೆಯನ್ನು ತಪ್ಪಿಸುವುದಕ್ಕೆ. ಹಗಲು ಕಚೇರಿಯಲ್ಲೋ ಎಚ್.ಎಂ.ಟಿ., ಎಚ್.ಎ.ಎಲ್.ನಂಥ ಕಾರ್ಖಾನೆಯಲ್ಲೋ ದುಡಿದು ಸಂಜೆ ಆರಕ್ಕೆ ಬೆಂಚಿನ ಮೇಲೆ ಕೂತರೆ ಸಂಬಳ ಉಳಿಯಿತು, ನಿದ್ದೆ ಹೋಯಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿತು. ಅದೇ 1996ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಆದರೆ ಸಂಜೆಯ ಎಂಜಿನಿಯರಿಂಗ್ ತರಗತಿಗೆ ಬರುತ್ತಿದ್ದವನು ಸಾಮಾನ್ಯವಾಗಿ ಅದೇ ವಿಷಯದ ಡಿಪ್ಲೊಮಾ ಓದಿದ ನೌಕರ. ಅವನಿಗೆ ಸಿಕ್ಕಿದ್ದು ಬಡ್ತಿ. ದಾರಿ ಬದಲಿಸುವವನಿಗೆ ಅಲ್ಲಿ ಜಾಗವಿರಲಿಲ್ಲ. ಕಾನೂನಿನ ಬಾಗಿಲೂ ಆಮೇಲೆ ಕಿರಿದಾಯಿತು. ವಕೀಲರ ಪರಿಷತ್ತಿನ 2008ರ ನಿಯಮಗಳು ಮೂರು ವರ್ಷದ ಎಲ್‌ಎಲ್.ಬಿ.ಗೆ ಸಾಮಾನ್ಯ ವರ್ಗದವರ ವಯಸ್ಸು ಮೂವತ್ತು ಮೀರಿರಬಾರದು ಎಂದವು. ಆ ಮಿತಿ ಹಿಂದಕ್ಕೆ ಹೋಗಿ, ಮತ್ತೆ ಬಂದು, 2017ರಲ್ಲಿ ಸುಪ್ರೀಂ ಕೋರ್ಟಿನ ತಡೆ ಕಂಡಿತು.

ಸಂಬಳವೊಂದನ್ನೇ ನೆಚ್ಚಿ ಮತ್ತೆ ಓದುವುದು ಎಷ್ಟು ಕಷ್ಟ ಎಂಬುದಕ್ಕೆ ಡಾ. ಬಿ.ಆರ್. ಅಂಬೇಡ್ಕರರ ಜೀವನಕ್ಕಿಂತ ಸ್ಪಷ್ಟವಾದ ದಾಖಲೆ ಇಲ್ಲ. 1913ರಲ್ಲಿ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದದ್ದು ಬರೋಡದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ: ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಷರತ್ತು, ಹಿಂತಿರುಗಿದ ಮೇಲೆ ಹತ್ತು ವರ್ಷ ಬರೋಡದ ಸೇವೆ. 1916ರಲ್ಲಿ ಅವರು ಲಂಡನ್ನಿಗೆ ದಾಟಿ ಅರ್ಥಶಾಸ್ತ್ರಕ್ಕೂ ಬ್ಯಾರಿಸ್ಟರಿಗೂ ಹೆಸರು ಹಚ್ಚಿದರು. ಮರುವರ್ಷ ವೇತನ ನಿಂತಿತು, ಓದು ಅರ್ಧಕ್ಕೆ ಬಿತ್ತು. ಲಂಡನ್ ವಿಶ್ವವಿದ್ಯಾನಿಲಯ ನಾಲ್ಕು ವರ್ಷದೊಳಗೆ ಮರಳಿ ಬರಲು ಅನುಮತಿ ಕೊಟ್ಟಿತು, ದುಡ್ಡು ಯಾರೂ ಕೊಡಲಿಲ್ಲ. ಬೇರೆ ಹಡಗಿನಲ್ಲಿ ಕಳಿಸಿದ್ದ ಸಾಮಾನು ಯುದ್ಧದಲ್ಲಿ ಮುಳುಗಿತು. ಅದಕ್ಕೆ ಬಂದ ಪರಿಹಾರದ ಹಣವೇ ಬರೋಡಕ್ಕೆ ಹೋಗುವ ದಾರಿಖರ್ಚಾಯಿತು. ಬರೋಡದ ಕಚೇರಿಯಲ್ಲಿ ಜಾತಿಯ ಅವಮಾನ, ಊರಲ್ಲಿ ಇರಲು ಮನೆ ಸಿಗದ ಸ್ಥಿತಿ. ಸೇವೆಯ ಕರಾರು ಅಲ್ಲಿಗೆ ಮುರಿಯಿತು. ವಿದ್ಯಾರ್ಥಿವೇತನ ಕೊಟ್ಟ ರಾಜ ಒಬ್ಬ, ಮೇಜಿನ ಮೇಲೆ ಕಡತ ಎಸೆದ ಜವಾನ ಇನ್ನೊಬ್ಬ. ಕರಾರು ಬರೆದವರಿಗೆ ಈ ಎರಡನೆಯವನ ನೆನಪಿರಲಿಲ್ಲ.

1918ರ ಕೊನೆಯಲ್ಲಿ ಅವರು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಸಂಬಳ ತಿಂಗಳಿಗೆ 450 ರೂಪಾಯಿ. ಆ ಕಾಲಕ್ಕೆ ಒಳ್ಳೆಯ ಮೊತ್ತ. ಕುಟುಂಬ ಪರೇಲಿನ ಚಾಳಿನ ಸಣ್ಣ ಮನೆಯಲ್ಲೇ ಉಳಿಯಿತು, ಏಕೆಂದರೆ ಉಳಿತಾಯ ಲಂಡನ್ನಿಗೆ ಮೀಸಲು. ಹಾಗೆ ಹಿಡಿದು ಖರ್ಚು ಮಾಡಿದರೂ ಉಳಿತಾಯ ಸಾಲಲಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು ನೆರವು ಕೊಟ್ಟರು, ಸ್ನೇಹಿತ ನವಲ್ ಭಥೇನಾ ಐದು ಸಾವಿರ ರೂಪಾಯಿ ಸಾಲ ಕೊಟ್ಟರು. 1920ರಲ್ಲಿ ನೌಕರಿ ಬಿಟ್ಟು ಹಡಗು ಹತ್ತಿ, 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ಡಿ.ಎಸ್ಸಿ. ಪಡೆದರು, ನಡುವೆ ಬ್ಯಾರಿಸ್ಟರಿಯೂ ಆಯಿತು. ಅಧ್ಯಾಪಕನಾಗಿ ಹೋದವರು ವಕೀಲರಾಗಿ ಬಂದರು, ಮುಂದೆ ಯಾವ ಸರ್ಕಾರದ ಹಂಗಿಲ್ಲದೆ ಮಾತಾಡಲು ಆ ವೃತ್ತಿಯೇ ನೆಲೆಯಾಯಿತು. ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಮೂರು ಕೈಗಳ ಹಣ. ಸ್ವಂತ ಉಳಿತಾಯ, ದೊರೆಯ ದೇಣಿಗೆ, ಸ್ನೇಹಿತನ ಸಾಲ. ಒಂದು ಇಲ್ಲದಿದ್ದರೂ ಉಳಿದೆರಡು ಸಾಲುತ್ತಿರಲಿಲ್ಲ. ಭಥೇನಾ ಅಡಮಾನ ಕೇಳಲಿಲ್ಲ. ಕೇಳಿದ್ದರೆ ಕೊಡಲು ಇದ್ದದ್ದಾದರೂ ಏನು? ನಿಯಮವಿಲ್ಲದ ಈ ಒಳ್ಳೆಯತನಕ್ಕೆ ಒಂದು ದೊಡ್ಡ ದೋಷವಿದೆ: ಅದು ಎಷ್ಟು ಜನಕ್ಕೆ ಸಿಕ್ಕೀತು? ಕೊಲಂಬಿಯಾದ ಎಂ.ಎ. ಇದ್ದವರಿಗೂ ಕೈಹಿಡಿಯುವವರು ಎರಡು ವರ್ಷ ಹುಡುಕಿದ ಮೇಲೆ ಸಿಕ್ಕರು ಎಂದರೆ, ಉಳಿದವರ ಗತಿ ಹೇಳಬೇಕಾಗಿಲ್ಲ.

ಈ ದೋಷಕ್ಕೆ ಒಂದು ಉತ್ತರ ಆಗಲೇ ಇತ್ತು. ಜಮ್‌ಷೆಟ್‌ಜಿ ಟಾಟಾ 1892ರಲ್ಲಿ ಸ್ಥಾಪಿಸಿದ ಜೆ.ಎನ್. ಟಾಟಾ ದತ್ತಿ ಕೊಟ್ಟದ್ದು ದಾನವನ್ನಲ್ಲ, ಸಾಲವನ್ನು. ಓದಿ ಬಂದು ದುಡಿದವನು ತೀರಿಸುತ್ತಾನೆ, ಆ ಹಣ ಮುಂದಿನವನಿಗೆ ಹೋಗುತ್ತದೆ. ಆಯ್ಕೆ ನೋಡುತ್ತಿದ್ದದ್ದು ಅಭ್ಯರ್ಥಿಯ ಅರ್ಹತೆಯನ್ನು, ಅಪ್ಪನ ಜಮೀನನ್ನಲ್ಲ. ಮೊದಲು ಹೋದವರು ಇಬ್ಬರು ವೈದ್ಯ ಮಹಿಳೆಯರು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಲಂಡನ್ನಿನಲ್ಲಿ ಪಿಎಚ್.ಡಿ. ಮಾಡಿದ್ದು ಈ ದತ್ತಿಯ ಬಲದಿಂದ. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದವರು ಕೆ.ಆರ್. ನಾರಾಯಣನ್. ಕೇರಳದ ಉಳವೂರಿನ ಬಡ ದಲಿತ ಮನೆಯ ಹುಡುಗ 1943ರಲ್ಲಿ ತಿರುವಾಂಕೂರು ವಿಶ್ವವಿದ್ಯಾನಿಲಯದಿಂದ ಇಂಗ್ಲಿಷ್ ಎಂ.ಎ. ಪಡೆದರು, ಪತ್ರಕರ್ತರಾಗಿ ದಿ ಹಿಂದೂ, ಟೈಮ್ಸ್ ಆಫ್ ಇಂಡಿಯಾಗಳಲ್ಲಿ ದುಡಿದರು. ಆಮೇಲೆ ಟಾಟಾ ನೆರವಿನಿಂದ 1945ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿಗೆ ಹೋಗಿ ಬಿ.ಎಸ್ಸಿ. ಓದಿದರು. ಎಂ.ಎ. ಆದವರು ಬಿ.ಎಸ್ಸಿ.ಗೆ ಕೂತದ್ದು! ಇವತ್ತಿನ ಅರ್ಜಿ ನಮೂನೆಯಲ್ಲಿ ಇದು ಹಿಂದಕ್ಕೆ ಹೋದಂತೆ ಕಾಣುತ್ತದೆ. ಅವರು 1949ರಲ್ಲಿ ವಿದೇಶಾಂಗ ಸೇವೆ ಸೇರಿದರು, 1997ರಲ್ಲಿ ರಾಷ್ಟ್ರಪತಿಯಾದರು. ಟಾಟಾ ಪದ್ಧತಿಯನ್ನು ಹೊಗಳಿ ಬಿಡುವಂತೆಯೂ ಇಲ್ಲ. ದುರ್ಬಲರಿಗಿಂತ ಸಮರ್ಥರನ್ನು ಎತ್ತುವುದು ದೇಶಕ್ಕೆ ಹಿತ ಎಂದು ಜಮ್‌ಷೆಟ್‌ಜಿ ನಂಬಿದ್ದರು, ಆಯ್ಕೆಯ ಜರಡಿ ಬಹಳ ಸಣ್ಣದು. ಆದರೆ ಮರಳಿ ಬರುವ ಸಾಲಕ್ಕೆ ‘ಇದು ನಿನ್ನ ಎಷ್ಟನೇ ಓದು’ ಎಂಬ ಪ್ರಶ್ನೆ ಬೇಕಾಗಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು.

ಆ ಪ್ರಶ್ನೆ ಬಂದದ್ದು ಸರ್ಕಾರಿ ನಿಯಮಾವಳಿಗಳಲ್ಲಿ. ಪರಿಶಿಷ್ಟ ಜಾತಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944-45ರಲ್ಲಿ ಆರಂಭವಾಯಿತು, ಅಂಬೇಡ್ಕರರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದ ಕಾಲದಲ್ಲಿ. ಲಕ್ಷಾಂತರ ಮನೆಗಳನ್ನು ಬದಲಿಸಿದ ಯೋಜನೆ ಅದು. ಮುಂದೆ ರೂಪುಗೊಂಡ ಅದರ ನಿಯಮಗಳನ್ನು ಓದಿ ನೋಡಿ: ಒಂದು ಹಂತ ಮುಗಿಸಿ ಅದೇ ಹಂತದಲ್ಲಿ ಬೇರೆ ವಿಷಯ ಓದುವವನಿಗೆ, ಅಂದರೆ ಬಿ.ಎ. ಆದ ಮೇಲೆ ಬಿ.ಕಾಂ. ಸೇರುವವನಿಗೆ, ವೇತನವಿಲ್ಲ. ಪೂರ್ಣಾವಧಿ ನೌಕರನಿಗೆ, ಓದಿನ ಅವಧಿ ಪೂರ್ತಿ ಸಂಬಳವಿಲ್ಲದ ರಜೆ ಹಾಕದ ಹೊರತು, ವೇತನವಿಲ್ಲ. ಒಂದು ವೃತ್ತಿಶಿಕ್ಷಣ ಮುಗಿಸಿ ಇನ್ನೊಂದಕ್ಕೆ, ಬಿ.ಎಡ್. ಆದ ಮೇಲೆ ಎಲ್‌ಎಲ್.ಬಿ.ಗೆ, ಹೋಗುವವನಿಗೂ ಇಲ್ಲ. ಈ ಕೊನೆಯದನ್ನು 1980-81ರಿಂದ ಸಡಿಲಿಸಿದರು. ಇದು ಕೇಡಿನ ಬುದ್ಧಿಯಿಂದ ಬರೆದ ನಿಯಮವಲ್ಲ. ಸರದಿಯಲ್ಲಿ ಮೊದಲ ಸಲ ನಿಂತವನು ಇರುವಾಗ ಎರಡನೇ ಸಲ ಬಂದವನಿಗೆ ಕೊಡುವುದು ಹೇಗೆ? ಆದರೆ ಜಾತಿ ಹೊರಿಸಿದ ಕಸುಬಿನಿಂದ ಬಿಡುಗಡೆ ಕೊಡಲು ಹುಟ್ಟಿದ ಯೋಜನೆ, ಬಿಡುಗಡೆಯಾದವನು ಹದಿನೇಳರಲ್ಲಿ ಆರಿಸಿಕೊಂಡ ಕಸುಬಿನಲ್ಲೇ ಇರತಕ್ಕದ್ದು ಎಂಬಲ್ಲಿಗೆ ಬಂತು. ಅವನ ಆಯ್ಕೆಯೂ ಬಹಳ ಸಲ ಮೇಷ್ಟರು ಹೇಳಿದ್ದು, ಸೀಟು ಸಿಕ್ಕಿದ್ದು, ಹತ್ತಿರದ ಊರಿನ ಕಾಲೇಜಿನಲ್ಲಿ ಇದ್ದದ್ದು. ತಪ್ಪಿದರೆ ತಿದ್ದಿಕೊಳ್ಳುವ ಅವಕಾಶ ಅಪ್ಪನ ಬಳಿ ದುಡ್ಡಿದ್ದವನಿಗೆ ಮಾತ್ರ ಉಳಿಯಿತು.

ಈ ನಡುವೆ ಕರ್ನಾಟಕ ಇನ್ನೊಂದು ದಾರಿ ತೆರೆದಿತ್ತು. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದರು. ಅದು ನಿಂತದ್ದು ಸರ್ಕಾರದ ಅನುದಾನದ ಮೇಲಲ್ಲ, ವಿದ್ಯಾರ್ಥಿಗಳ ಮನೆಯವರ ಹಣದ ಮೇಲೆ. ಇದೇ ಪೈ 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆ ಕಟ್ಟಿದವರಲ್ಲಿ ಒಬ್ಬರು, 1928ರಿಂದ ಪಿಗ್ಮಿ ಠೇವಣಿಯೆಂದು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಿದವರು. ಸಣ್ಣ ಉಳಿತಾಯವನ್ನೂ ದೊಡ್ಡ ಶುಲ್ಕವನ್ನೂ ಒಂದೇ ತಲೆ ಯೋಚಿಸಿದ್ದು ಆಕಸ್ಮಿಕವಲ್ಲ. ವಿದ್ಯೆ ಮನೆಯವರು ಹೂಡುವ ಬಂಡವಾಳ ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದ್ದು ಆ ಕರಾವಳಿಯಲ್ಲಿ. ಅನುಕರಿಸಿದವರು ಸೀಟನ್ನು ವಂತಿಗೆಯ ಹರಾಜಿಗೆ ಇಟ್ಟರು. 1984ರಲ್ಲಿ ವಂತಿಗೆ ನಿಷೇಧ ಕಾಯ್ದೆ ಬಂತು. 1989ರ ಸರ್ಕಾರಿ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಉಳಿದ ಕನ್ನಡನಾಡಿನವರಿಗೆ 25,000, ಹೊರಗಿನವರಿಗೆ 60,000 ರೂಪಾಯಿ ಎಂದು ದರ ಗೊತ್ತುಮಾಡಿತು. 1992ರ ಮೋಹಿನಿ ಜೈನ್ ತೀರ್ಪು ಇದನ್ನು ತಳ್ಳಿಹಾಕಿತು, 1993ರ ಉನ್ನಿಕೃಷ್ಣನ್ ತೀರ್ಪು ಉಚಿತ ಸೀಟು, ಪಾವತಿ ಸೀಟು ಎಂದು ಹಂಚಿತು, 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ಆ ಹಂಚಿಕೆಯನ್ನು ಕೆಡವಿತು. ಕೋರ್ಟುಗಳು ದರದ ಬಗ್ಗೆ ವಾದಿಸುತ್ತಿದ್ದಾಗಲೇ, 2001ರಲ್ಲಿ, ಬ್ಯಾಂಕುಗಳ ಸಂಘ ಶಿಕ್ಷಣ ಸಾಲದ ಮಾದರಿ ಯೋಜನೆ ತಂದಿತು. ಖರ್ಚು ಹೊರುವವರು ಯಾರು ಎಂಬ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು.

ಆ ಸಾಲದ ಕಾಗದಗಳಲ್ಲಿ ಕಾಣುವ ವಿದ್ಯಾರ್ಥಿ ಯಾರು? ಮೊದಲ ಮಾದರಿಯಲ್ಲಿ ನಾಲ್ಕು ಲಕ್ಷದವರೆಗೆ ಭದ್ರತೆ ಬೇಕಿರಲಿಲ್ಲ. ಏಳೂವರೆ ಲಕ್ಷದವರೆಗೆ ಮೂರನೆಯವರ ಜಾಮೀನು ಬೇಕಿತ್ತು. ಅದರ ಮೇಲೆ ಮನೆಯೋ ಸೈಟೋ ಅಡವು. ಎಲ್ಲ ಮೊತ್ತಕ್ಕೂ ತಂದೆಯೋ ತಾಯಿಯೋ ಜಂಟಿ ಸಾಲಗಾರರು. ಮದುವೆಯಾದವರಿಗೆ ಗಂಡ, ಹೆಂಡತಿ ಅಥವಾ ಅತ್ತೆ-ಮಾವ. ಓದುವ ಅವಧಿ, ಮೇಲೆ ಒಂದು ವರ್ಷ, ಕಂತು ಕಟ್ಟಬೇಕಿಲ್ಲ. ಹದಿನೆಂಟರ ಹುಡುಗನಿಗೆ ಇದು ಸರಿಯಾದ ಅಳತೆಯ ಅಂಗಿ. ಮೂವತ್ನಾಲ್ಕರ ಸಿವಿಲ್ ಎಂಜಿನಿಯರೊಬ್ಬ ಮನಶ್ಶಾಸ್ತ್ರ ಓದುತ್ತೇನೆ ಎಂದರೆ, ನಿವೃತ್ತ ತಂದೆಯೋ ಹೆಂಡತಿಯೋ ಸಹಿ ಹಾಕಬೇಕು, ಅವನ ಗೃಹಸಾಲದ ಕಂತು ಯಾವ ವಿನಾಯಿತಿಯೂ ಇಲ್ಲದೆ ನಡೆಯುತ್ತಿರಬೇಕು, ಅವನು ಬಿಟ್ಟ ಸಂಬಳ ಯಾವ ಅಂದಾಜುಪಟ್ಟಿಯಲ್ಲೂ ಬರುವುದಿಲ್ಲ. 2009ರ ಕೇಂದ್ರದ ಬಡ್ಡಿ ಸಹಾಯಧನ ಯೋಜನೆ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿನ ಮನೆಗಳಿಗೆ ದೊಡ್ಡ ಉಪಕಾರ ಮಾಡಿತು, ಜೊತೆಗೆ ಒಂದು ಸಾಲು ಬರೆಯಿತು: ಈ ಸಹಾಯ ಒಬ್ಬರಿಗೆ ಒಂದೇ ಸಲ, ಮೊದಲ ಪದವಿಗೋ ಸ್ನಾತಕೋತ್ತರಕ್ಕೋ ಯಾವುದಾದರೂ ಒಂದಕ್ಕೆ. ಆದಾಯ ತೆರಿಗೆಯ 80ಇ ಕಲಂ ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷ ವಿನಾಯಿತಿ ಕೊಡುತ್ತದೆ, ಎಷ್ಟನೇ ಓದು ಎಂದು ಕೇಳುವುದಿಲ್ಲ. ಇಡೀ ಏರ್ಪಾಡಿನಲ್ಲಿ ವಯಸ್ಕನನ್ನು ವಯಸ್ಕನಾಗಿ ಕಂಡದ್ದು ಅದೊಂದೇ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಅದೂ ಇಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಲ್ಲ. ಮೊದಲನೆಯದು ಸರದಿಯ ನ್ಯಾಯ: ಒಂದೂ ಪದವಿ ಇಲ್ಲದ ಮನೆಗಳಿರುವಾಗ ಎರಡನೆಯದಕ್ಕೆ ಹಣ ಯಾಕೆ? ಅನುದಾನದ ವಿಷಯದಲ್ಲಿ ಇದನ್ನು ಒಪ್ಪುತ್ತೇನೆ. ಸಾಲದ ವಿಷಯದಲ್ಲಿ ಒಪ್ಪುವುದಿಲ್ಲ. ತೀರಿಸುವ ಸಾಲ ಇನ್ನೊಬ್ಬರ ಪಾಲನ್ನು ಕಿತ್ತುಕೊಳ್ಳುವುದಿಲ್ಲ, ಟಾಟಾ ದತ್ತಿಯಲ್ಲಿ ಅದು ಮುಂದಿನವನ ಪಾಲೇ ಆಗುತ್ತಿತ್ತು. ಎರಡನೆಯ ಆಕ್ಷೇಪ, ದುಡಿಯುವವನು ಉಳಿಸಲಿ ಎಂಬುದು. 450 ರೂಪಾಯಿ ಸಂಬಳದ ಪ್ರೊಫೆಸರು ಚಾಳಿನಲ್ಲಿದ್ದು ಉಳಿಸಿದರೂ ಸಾಲಲಿಲ್ಲ ಎಂಬುದು ಮೇಲೆಯೇ ಬಂದಿದೆ. ಮೂರನೆಯದು ನಿಜಕ್ಕೂ ಗಟ್ಟಿಯಾದದ್ದು: ಎರಡನೇ ಪದವಿಗಳಲ್ಲಿ ಎಷ್ಟೋ ಬರೀ ಆಭರಣ, ಎಂ.ಬಿ.ಎ. ಹೆಸರಿನಲ್ಲಿ ಲಕ್ಷಗಟ್ಟಲೆ ಸುರಿದು ಹಳೆಯ ಕುರ್ಚಿಗೇ ಮರಳುವವರಿದ್ದಾರೆ, ಇದಕ್ಕೆ ಸಾಲ ಕೊಟ್ಟ ಬ್ಯಾಂಕು ಮುಳುಗದೇ ಏನು? ಹೌದು. ಆದರೆ ಬ್ಯಾಂಕು ಅದನ್ನು ತಡೆಯುತ್ತಿರುವ ರೀತಿ ವ್ಯಕ್ತಿಯನ್ನು ನೋಡಿ ಅಲ್ಲ, ಕಾಲೇಜಿನ ಹೆಸರನ್ನು ನೋಡಿ. 2024ರ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯೂ 860 ಸಂಸ್ಥೆಗಳ ಪಟ್ಟಿ ಮಾಡಿ, ಅಲ್ಲಿ ಸೇರಿದವರಿಗೆ ಅಡವಿಲ್ಲದ ಸಾಲ ಎಂದಿತು. ಹತ್ತು ವರ್ಷ ದುಡಿದವನ ಬಳಿ ಹದಿನೆಂಟರ ಹುಡುಗನ ಬಳಿ ಇಲ್ಲದ್ದು ಒಂದಿದೆ: ಕೆಲಸದ ದಾಖಲೆ, ಸಾಲ ತೀರಿಸಿದ ಇತಿಹಾಸ, ಭವಿಷ್ಯನಿಧಿಯ ಖಾತೆ. ಅಪಾಯ ಅಳೆಯಲು ಬ್ಯಾಂಕಿಗೆ ಇದಕ್ಕಿಂತ ಒಳ್ಳೆಯ ಕಾಗದ ಬೇಕೇ? ಗೃಹಸಾಲಕ್ಕೆ ಅದೇ ಕಾಗದ ಸಾಕಾಗುತ್ತದೆ. ಓದಿನ ಮೇಜಿಗೆ ಬಂದಾಗ ಮಾತ್ರ ಅದನ್ನು ಬದಿಗಿಟ್ಟು ಅಪ್ಪನ ಪಹಣಿ ಕೇಳುತ್ತಾರೆ.

ವಿಶ್ವವಿದ್ಯಾನಿಲಯಗಳ ಕಡೆಯ ನಿಯಮ ಈ ನಡುವೆ ಸಡಿಲಾಗಿದೆ. 2022ರ ಏಪ್ರಿಲ್‌ನಲ್ಲಿ ಯು.ಜಿ.ಸಿ. ಒಬ್ಬ ವಿದ್ಯಾರ್ಥಿ ಏಕಕಾಲಕ್ಕೆ ಎರಡು ಪದವಿಗಳನ್ನು ಓದಬಹುದು ಎಂದು ಒಪ್ಪಿತು. ಕಾಲೇಜಿನ ರಿಜಿಸ್ಟರಿನಲ್ಲಿ ಒಬ್ಬನ ಹೆಸರು ಎರಡು ಕಡೆ ಬರಬಹುದು. ಬಡ್ಡಿ ಸಹಾಯಧನದ ರಿಜಿಸ್ಟರಿನಲ್ಲಿ ಇನ್ನೂ ಒಂದೇ ಕಡೆ.